ಹರಿವೆ ಬೀಜ ಕೆಡಿಸಿದವರಾರು?

ಮಳೆಗಾಲಕ್ಕೆ ಮುನ್ನ ಮಲೆನಾಡಿನ ಸಂತೆಗಳಲ್ಲಿ ಹರಿವೆ ಬೀಜದ ಬಣ್ಣದ ಪೊಟ್ಟಣಗಳು ಬಿಕರಿಗೆ ಬರುತ್ತವೆ. ಕೊಳ್ಳುವವರು ತಲೆಮಾರುಗಳಿಂದ ಹಿತ್ತಿಲಲ್ಲಿ ಹರಿವೆ ಬೆಳೆದ ಮನೆಗಳವರೇ. ಹರಿವೆಯ ಒಂದು ಗ್ರಾಮ್ ಬೀಜದಲ್ಲಿ ಸಾವಿರಕ್ಕೂ ಮಿಕ್ಕಿ ಕಾಳುಗಳಿರುತ್ತವೆ. ಚೆನ್ನಾಗಿ ಬಲಿತ ಒಂದು ಗಿಡ ಕೇರಿಗೆಲ್ಲ ಹಂಚುವಷ್ಟು ಬೀಜ ಕೊಡುತ್ತದೆ. ಅಂಥ ಬೆಳೆಗೂ ಹಣ ತೆತ್ತು ಬೀಜ ತರುವ ಸ್ಥಿತಿ ಬಂದಿರುವುದಕ್ಕೆ ಕಂಪನಿಗಳನ್ನಷ್ಟೇ ದೂರಿದರೆ ಸಾಲದು.

ಮನೆಬೀಜ ಕೆಟ್ಟಿದೆ, ಗೇಣುದ್ದಕ್ಕೇ ಹೂ ಬಿಡುತ್ತದೆ ಎಂಬ ದೂರು ಎಲ್ಲೆಡೆಯೂ ಇದೆ. ದೂರು ಸುಳ್ಳಲ್ಲ. ಆದರೆ ಎಲೆ ಅಗಲವಾಗಿ, ದಂಟು ರಸವತ್ತಾಗಿ ಬೆಳೆದ ಗಿಡಗಳೆಲ್ಲ ಅಡುಗೆಮನೆ ಸೇರುತ್ತವೆ. ಬೇಗ ಹೂವಾಗಿ, ನಾರಾಗಿ, ಯಾರಿಗೂ ಬೇಡವಾಗಿ ಬೇಲಿಯಂಚಿನಲ್ಲಿ ಉಳಿದದ್ದು ಬೀಜಕ್ಕೆ! ಹತ್ತಾರು ವರ್ಷ ಹೀಗೆ ನಡೆದರೆ ಬೇಗ ಹೂಬಿಡುವ ಗುಣವನ್ನೇ ಆರಿಸಿ ಬಿತ್ತಿದಂತೆ. ದೋಷ ತಳಿಯದಲ್ಲ, ಆಯ್ಕೆಯದು.

ಬೀಜದ ಗಿಡವನ್ನು ಮೊದಲೇ ಗೊತ್ತುಮಾಡಿ ನೂಲು ಕಟ್ಟಿಬಿಡಬೇಕು. ಎಷ್ಟೇ ಆಸೆಯಾದರೂ ಅದರ ಸೊಪ್ಪಿಗೆ ಕೈಹಾಕಬಾರದು. ಒಂದೆರಡು ಗಿಡ ಸಾಲದು, ಇಪ್ಪತ್ತಾದರೂ ಬೇಕು. ಎಲೆಯಡಿ ಬಿಳಿ ತುಕ್ಕು ಕಂಡದ್ದನ್ನು ಕೀಳಬೇಕು. ಜಡಿಮಳೆಯಲ್ಲಿ ಬಲಿತ ತೆನೆ ಬೂಸಲು ಹಿಡಿಯುವುದರಿಂದ ಬೀಜದ ಬಿತ್ತನೆಗೆ ಮಳೆ ಇಳಿದ ಮೇಲಿನ ದಿನಗಳೇ ಲೇಸು. ಹಗಲು ಕಿರಿದಾಗುವ ಆ ಕಾಲದಲ್ಲಿ ಹರಿವೆ ಸಹಜವಾಗಿಯೇ ಬೇಗ ಹೂಬಿಡುತ್ತದೆ. ಆಗಲೂ ಎಲ್ಲಕ್ಕಿಂತ ತಡವಾಗಿ ಹೂವಾದವುಗಳನ್ನೇ ಉಳಿಸಬೇಕು.

ಹರಿವೆಯ ಪರಾಗ ಗಾಳಿಯಲ್ಲಿ ತೇಲುತ್ತದೆ. ಕೆಂಪು ಹರಿವೆಯೂ ಬಿಳಿ ಹರಿವೆಯೂ ಅಕ್ಕಪಕ್ಕ ಹೂಬಿಟ್ಟರೆ ಬೆರಕೆ ತಪ್ಪದು. ಪ್ರಮಾಣಿತ ಬೀಜೋತ್ಪಾದನೆಯಲ್ಲಿ ಹರಿವೆಗೆ 200 ಮೀಟರ್, ಪಾಲಕ್‌ಗೆ 1000 ಮೀಟರ್ ಅಂತರದ ನಿಯಮವಿದೆ. ಒಂಟಿಮನೆಗಳ ಮಲೆನಾಡಿಗೆ ಮೊದಲನೆಯದು ಕಷ್ಟವಲ್ಲ. ಮನೆಗಳು ಒತ್ತಾಗಿರುವಲ್ಲಿ ಒಂದು ವರ್ಷ ಕೆಂಪು, ಮರುವರ್ಷ ಬಿಳಿ ಎಂದು ಕೇರಿಯವರು ಕೂಡಿ ನಿಶ್ಚಯಿಸಬಹುದು. ಒಣಗಿಸಿಟ್ಟ ಬೀಜ ಅಷ್ಟು ಕಾಲ ಕೆಡುವುದಿಲ್ಲ.

ಮನೆಬೀಜ ಮಾರುವುದು ಕಾನೂನುಬಾಹಿರವೆಂಬ ಪುಕಾರೊಂದಿದೆ. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001, ರೈತನಿಗೆ ಬೀಜ ಉಳಿಸುವ, ಬಿತ್ತುವ, ವಿನಿಮಯ ಮಾಡುವ, ಮಾರುವ ಹಕ್ಕನ್ನು ಸ್ಪಷ್ಟವಾಗಿ ಕೊಟ್ಟಿದೆ. ಸಂರಕ್ಷಿತ ತಳಿಯನ್ನು ಬ್ರಾಂಡ್ ಹಾಕಿ ಮಾರಬಾರದು, ಅಷ್ಟೇ. ಕೈತೋಟದ ಹೆಸರಿನಲ್ಲಿ ಪೊಟ್ಟಣ ಹಂಚುವ ಸಂಸ್ಥೆಗಳು ಆ ಹಣದಲ್ಲಿ ಊರಿನ ಅಜ್ಜಿಯರ ಬೀಜವನ್ನೇ ಕೊಂಡು ಹಂಚಲು ಅಡ್ಡಿಯೇನಿದೆ?

ಮೊಳಕೆಯ ಖಾತರಿ ಇಲ್ಲವೆಂದು ಅವು ಹೇಳಬಹುದು. ಪ್ರಮಾಣಿತ ಹರಿವೆ ಬೀಜಕ್ಕೆ ವಿಧಿಸಿರುವ ಕನಿಷ್ಠ ಮೊಳಕೆ ಪ್ರಮಾಣ ಶೇ. 70. ಅದನ್ನು ಅಳೆಯಲು ಪ್ರಯೋಗಾಲಯವೇ ಬೇಕೆಂದಿಲ್ಲ. ಶಾಲೆಯ ಮಕ್ಕಳು ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ, ವಾರದೊಳಗೆ ಲೆಕ್ಕ ಹೇಳುತ್ತಾರೆ.