ಆರ್ಯವರ್ಧನನ ಹೊಸ ಮಾರಿ

ಧಾರಾವಾಹಿಯ ನಟ ಅರ್ಧಕ್ಕೇ ಬಿಟ್ಟುಹೋದಾಗ ಗೋಳಾಡುವ ಅಭಿಮಾನಿಗಳನ್ನು ನೋಡಿ ನಗುವವರು ನಮ್ಮಲ್ಲಿ ಬಹಳ. ‘ಕೆಲಸ ಇಲ್ಲದವರು’ ಅಂತ ಒಂದೇ ಮಾತಲ್ಲಿ ಮುಗಿಸಿಬಿಡುತ್ತಾರೆ. ನನಗೇನೋ ಆ ಸಿಟ್ಟಿನಲ್ಲಿ ನ್ಯಾಯವಿದೆ ಅನ್ನಿಸುತ್ತದೆ.

‘ಜೊತೆಜೊತೆಯಲಿ’ ನೆನಪಿದೆ ತಾನೆ? 2019ರ ಸೆಪ್ಟೆಂಬರಿನಲ್ಲಿ ಜೀ ಕನ್ನಡದಲ್ಲಿ ಶುರುವಾದದ್ದು. ಮೂಲ ಮರಾಠಿಯ ‘ತುಲಾ ಪಾಹತೆ ರೇ’. ವಯಸ್ಸಾದ ಉದ್ಯಮಿ ಆರ್ಯವರ್ಧನನಾಗಿ ಅನಿರುದ್ಧ, ಎಳೆಯ ಹುಡುಗಿ ಅನು ಸಿರಿಮನೆಯಾಗಿ ಮೇಘಾ ಶೆಟ್ಟಿ. ನಮ್ಮ ರೋಣ, ನರಗುಂದದ ಕಡೆ ಎಷ್ಟೋ ಮನೆಗಳಲ್ಲಿ ಅದರ ಹೊತ್ತಿಗೆ ರೊಟ್ಟಿ ಬಡಿದು ಮುಗಿದಿರುತ್ತಿತ್ತು. ಕರೆಂಟು ಹೋದರೆ ಬೈಗುಳ ಹೆಸ್ಕಾಂಗೆ!

2022ರ ಆಗಸ್ಟಿನಲ್ಲಿ ಜಗಳವಾಗಿ ಅನಿರುದ್ಧ ಹೊರಗಾದರು. ಎರಡು ವರ್ಷ ಇವರನ್ನು ಹಾಕಿಕೊಳ್ಳಬೇಡಿ ಎಂದು ಕಿರುತೆರೆ ನಿರ್ಮಾಪಕರು ಚಾನೆಲ್‌ಗಳನ್ನು ಕೇಳಿಕೊಂಡರು. ತಪ್ಪು ಯಾರದು ಅನ್ನುವ ಪಂಚಾಯ್ತಿ ನನಗೆ ಬೇಡ. ಅನಿರುದ್ಧ ಇಲ್ಲದಿದ್ದರೆ ಧಾರಾವಾಹಿಯೇ ಬೇಡ ಎಂದು ಅಭಿಮಾನಿಗಳು ಫೇಸ್‌ಬುಕ್ಕಿನಲ್ಲಿ ಬರೆದರು. ಬಂದವರು ಹರೀಶ್ ರಾಜ್. ಕಥೆಯಲ್ಲಿ ಒಂದು ಅಪಘಾತ, ಒಂದು ಆಪರೇಷನ್, ಆರ್ಯವರ್ಧನನಿಗೆ ಇನ್ನೊಬ್ಬನ ಮುಖ!

ಗಜೇಂದ್ರಗಡದ ನಮ್ಮ ಚಿಗವ್ವನಿಗೆ ಫೇಸ್‌ಬುಕ್ ಗೊತ್ತಿಲ್ಲ. ಆಕೆ ಅಂದದ್ದು ಇಷ್ಟೆ: “ಮಾರಿ ಬದಲಿ ಮಾಡಿದ್ರ ಅಂವನ ಆಕ್ಕಾನೇನ? ನಮಗ ಕಣ್ಣಿಲ್ಲನ?” ಮರುದಿನದಿಂದ ಚಾನೆಲ್ ಬದಲು.

ನಮ್ಮ ಕಡೆಯವರಿಗೆ ಪಾತ್ರಧಾರಿ ಬದಲಾಗುವುದೇನು ಹೊಸದಲ್ಲ. ಕಂಪನಿ ನಾಟಕ ಕಂಡ ನಾಡು ಇದು. ಗರುಡ ಸದಾಶಿವರಾಯರ ಗದಗ ಇಲ್ಲೇ ಪಕ್ಕಕ್ಕಿದೆ. ಜಾತ್ರೆ ನಾಟಕಕ್ಕೆ ವರ್ಷ ವರ್ಷ ಬೇರೆ ನಾಯಕಿ ಬರುತ್ತಾಳೆ. “ಹ್ವಾದ ವರ್ಷದಾಕಿನ ಚೊಲೋ ಇದ್ಲು” ಅಂತ ಗೊಣಗುತ್ತ ಬೆಳತನಕ ಕೂತು ನೋಡುತ್ತೇವೆ. ಅಲ್ಲಿ ಯಾರೂ ಇವಳೇ ಅವಳು ಎಂದು ನಂಬಿಸಲು ಬರುವುದಿಲ್ಲವಲ್ಲ. ಮತ್ತೆ ಜಾತ್ರೆ ವರ್ಷಕ್ಕೊಂದು ರಾತ್ರಿ. ಧಾರಾವಾಹಿಯವನು ಮೂರು ವರ್ಷ ದಿನಾ ಮನೆಯೊಳಗೆ ಬಂದು ಕೂತವನು. ಅಂಥವನು ಹೋದಾಗ ಹೋದ ಅಂತ ಹೇಳಬೇಕು. (ಪಾಪ, ಹರೀಶ್ ರಾಜ್ ಬೈಸಿಕೊಂಡದ್ದು ಮಾತ್ರ ಅನ್ಯಾಯ. ಕರೆದರು, ಬಂದರು.)

ಅದೇ ನಿರ್ದೇಶಕ ಆರೂರು ಜಗದೀಶ್ ಅವರ ‘ಪುಟ್ಟಕ್ಕನ ಮಕ್ಕಳು’ ನೋಡಿ. 2024ರಲ್ಲಿ ಸಂಜನಾ ಬುರ್ಲಿ ಬಿಟ್ಟಾಗ ಸ್ನೇಹಾ ಪಾತ್ರವನ್ನೇ ಸಾಯಿಸಿದರು. ಓದಿ ಅಧಿಕಾರಿಯಾದ ಮಗಳು, ಮೆಸ್ ನಡೆಸುವ ತಾಯಿ ಉಮಾಶ್ರೀ ಎದುರು ಹೆಣವಾದಾಗ ಜನ ನಿಜವಾಗಿ ಅತ್ತರು, ಬೈದರು. ಆದರೂ ಇದೇ ವಾಸಿ ಎಂದು ನನ್ನ ಅಭಿಪ್ರಾಯ. ಅಳಲಿಕ್ಕಾದರೂ ಅವಕಾಶ ಕೊಟ್ಟರಲ್ಲ! ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಿತ್ತು. ಸ್ನೇಹಾಳ ಹೃದಯವನ್ನು ಇನ್ನೊಬ್ಬಳಿಗೆ ಜೋಡಿಸಿ, ಅವಳಿಗೂ ಸ್ನೇಹಾ ಅಂತಲೇ ಹೆಸರಿಟ್ಟರು. ಒಮ್ಮೆ ಮಾರಿ, ಒಮ್ಮೆ ಹೃದಯ... ಕಿರುತೆರೆಯ ಡಾಕ್ಟರುಗಳಿಗೆ ಎಷ್ಟು ಕೆಲಸ ನೋಡಿ. ಸತ್ತವಳನ್ನು ಸಾಯಲಾದರೂ ಬಿಡಬಾರದೆ?

ಅನಿರುದ್ಧ 2024ರಲ್ಲಿ ಉದಯ ಟಿವಿಯ ‘ಸೂರ್ಯವಂಶ’ದಲ್ಲಿ ಬಂದರು. ಚಿಗವ್ವನನ್ನು ಕೇಳಿದೆ, ಖುಷಿಯಾತೇನು ಅಂತ. “ಇಂವ ಅನಿರುದ್ಧ, ಚೊಲೋ ಮಾಡ್ತಾನ. ಆದ್ರ ಆರ್ಯವರ್ಧನ ಬರಲಿಲ್ಲಲ್ಲೋ” ಅಂದಳು.

ನಿಮ್ಮ ಮನೆಗಳಲ್ಲಿ ಏನಾಯಿತು? ಬರೆಯಿರಿ.