ಸಿದ್ಧ ಫಂಕ್ಷನ್‌ಗೆ ಮುಂಚೆ ಕೈಬರಹದ ಲೆಕ್ಕ

1, 2, 1 ಎಂಬ ಮೂರು ಅಂಕಿಗಳನ್ನು ಜೋಡಿಸುವ ಬಗೆಗಳು ಮೂರೇ: 112, 121, 211. ಇದನ್ನೇ ಪೈಥಾನ್‌ನ ಸಿದ್ಧ ಪರ್ಮ್ಯುಟೇಶನ್ಸ್ ಫಂಕ್ಷನ್‌ಗೆ ಕೊಟ್ಟರೆ ಆರು ಸಾಲು ಬರುತ್ತವೆ. ಅದು ಸ್ಥಾನ ನೋಡುತ್ತದೆಯೇ ಹೊರತು ಬೆಲೆಯನ್ನಲ್ಲ, ಹಾಗಾಗಿ ಎರಡು ಒಂದುಗಳು ಅದಕ್ಕೆ ಬೇರೆ ಬೇರೆ. ಸಿ ಪ್ಲಸ್ ಪ್ಲಸ್‌ನ ನೆಕ್ಸ್ಟ್ ಪರ್ಮ್ಯುಟೇಶನ್ ಅನ್ನು 121ರಿಂದಲೇ ಶುರುಮಾಡಿ ಕೊನೆ ಮುಟ್ಟುವವರೆಗೆ ಓಡಿಸಿದರೆ ಎರಡೇ ಸಾಲು, ಏಕೆಂದರೆ ಅದು ಚಿಕ್ಕದರಿಂದ ದೊಡ್ಡದಕ್ಕಷ್ಟೇ ಸಾಗುತ್ತದೆ, 112 ಆಗಲೇ ಹಿಂದೆ ಉಳಿದಿರುತ್ತದೆ. ಎರಡೂ ತಮ್ಮ ನಿಯಮದಂತೆ ಸರಿಯಾಗಿಯೇ ನಡೆದಿವೆ. ಆ ನಿಯಮ ಗೊತ್ತಿಲ್ಲದ ವಿದ್ಯಾರ್ಥಿಗೆ ಮಾತ್ರ ಉತ್ತರ ತಪ್ಪಿದ್ದೇ ತಿಳಿಯುವುದಿಲ್ಲ. ಆದ್ದರಿಂದ ನಮ್ಮ ಕಾಲೇಜುಗಳಲ್ಲಿ ಕ್ರಮಯೋಜನೆಗಳನ್ನು, ಅಂದರೆ ಇಂಥ ಜೋಡಣೆಗಳನ್ನು, ನಿಘಂಟಿನ ಕ್ರಮದಲ್ಲಿ ಬರೆಯುವ ವಿಧಾನವನ್ನು ಮೊದಲು ಕಾಗದದ ಮೇಲೆ ಕಲಿಸಬೇಕು ಎಂಬುದು ನನ್ನ ವಾದ.

ವಿಧಾನ ಕಷ್ಟದ್ದೇನಲ್ಲ. 1432 ಆದ ಮೇಲೆ ಏನು ಬರಬೇಕು? ಬಲದಿಂದ ಎಡಕ್ಕೆ ಓದುತ್ತ ಬನ್ನಿ: 2, 3, 4 ಏರುತ್ತವೆ, 1ರಲ್ಲಿ ಇಳಿಯುತ್ತದೆ. ಇಳಿದ ಆ 1ರ ಬಲಕ್ಕಿರುವ, ಅದಕ್ಕಿಂತ ದೊಡ್ಡ ಅಂಕಿಗಳಲ್ಲಿ ತೀರ ಚಿಕ್ಕದು 2. ಎರಡನ್ನೂ ಅದಲುಬದಲು ಮಾಡಿದರೆ 2431. ಈಗ 431 ಎಂಬ ಬಾಲವನ್ನು ತಿರುಗಿಸಿ ಬರೆಯಿರಿ: 2134. ಪ್ರತಿ ಹೆಜ್ಜೆಯೂ ಹಿಂದಿನದಕ್ಕಿಂತ ದೊಡ್ಡ ಜೋಡಣೆಗೇ ಹೋಗುವುದರಿಂದ, ಒಂದೇ ಅಂಕಿ ಎರಡು ಸಲ ಇದ್ದರೂ ಯಾವ ಸಾಲೂ ಮರುಕಳಿಸುವುದಿಲ್ಲ. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿಕೊಂಡೇ ಏಕೆ ಶುರುಮಾಡಬೇಕು ಎಂಬುದೂ ಆಗ ತಾನಾಗಿ ಹೊಳೆಯುತ್ತದೆ. ಈ ವಿಧಾನದ ಶ್ರೇಯವನ್ನು ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ 14ನೇ ಶತಮಾನದ ಗಣಿತಜ್ಞ ನಾರಾಯಣ ಪಂಡಿತನಿಗೆ ಸಲ್ಲಿಸಿದ್ದಾರೆ; ಅವನ 'ಗಣಿತಕೌಮುದಿ' 1356ರದು. ನಮ್ಮ ಪಠ್ಯಗಳಲ್ಲಿ ಆ ಹೆಸರು ಇರಲೇಬೇಕು.

ಕೋಡ್ ಬರೆದುಕೊಡಲು ಯಂತ್ರವೇ ಇರುವಾಗ ಈ ಶ್ರಮ ಏಕೆ ಎಂದು ಕೇಳುವವರಿದ್ದಾರೆ. ಕೆಲಸದಲ್ಲಿ ಸಿದ್ಧ ಫಂಕ್ಷನ್ನನ್ನೇ ಬಳಸಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಬಂದ ಉತ್ತರ ಆರೋ, ಎರಡೋ, ಮೂರೋ ಎಂದು ತೂಗಿ ನೋಡಬೇಕಾದವರು ಬಳಸುವವರೇ. ಎಲ್ಲ ಜೋಡಣೆಗಳನ್ನೂ ಪರೀಕ್ಷಿಸುವ ಹಾದಿ ಎಲ್ಲಿ ಮುಚ್ಚುತ್ತದೆ ಎಂಬ ಅಂದಾಜೂ ಅವರಿಗೇ ಬೇಕು. ಹತ್ತು ವಸ್ತುಗಳಿಗೆ 36,28,800 ಜೋಡಣೆಗಳು. ಕಂಪ್ಯೂಟರ್‌ಗೆ ಅದು ಕ್ಷಣದ ಕೆಲಸ. ಇಪ್ಪತ್ತು ವಸ್ತುಗಳಾದರೆ, ಸೆಕೆಂಡಿಗೆ ನೂರು ಕೋಟಿಯಂತೆ ಬರೆದರೂ ಸುಮಾರು 77 ವರ್ಷ ಹಿಡಿಯುತ್ತದೆ. ಈ ವಿಧಾನ ಬಾಯಿಪಾಠವಾಗಿಬಿಡುತ್ತದೆ ಎಂಬ ಆತಂಕ ಮಾತ್ರ ನ್ಯಾಯವಾದದ್ದು. ಹಾಗಾಗಿ ಪರೀಕ್ಷೆಯಲ್ಲಿ ಪ್ರೋಗ್ರಾಮ್ ಬರೆಯಿರಿ ಎನ್ನುವ ಬದಲು, ಒಂದು ಜೋಡಣೆ ಕೊಟ್ಟು ಮುಂದಿನದನ್ನು ಕಾರಣಸಹಿತ ಬರೆಯಲು ಅಧ್ಯಾಪಕರು ಕೇಳಲಿ.