ಶುದ್ಧಿಯು ನಮ್ಮೊಬ್ಬರ ಕಟ್ಟಳೆಯಲ್ಲ

ವುಝೂ ಬರಿಯ ಬಾಹ್ಯಾಚಾರ, ಮನಸ್ಸು ಶುದ್ಧವಿದ್ದರೆ ಸಾಕು ಎಂಬ ಮಾತು ಈಗ ನಮ್ಮ ವಿದ್ಯಾವಂತ ಯುವಕರ ಬಾಯಲ್ಲೂ ಕೇಳಿಬರುತ್ತಿದೆ. ಬೀದರ್, ಭಾಲ್ಕಿ, ಔರಾದ್‌ಗಳಲ್ಲಿ ಮೆಥೋಡಿಸ್ಟ್ ಕ್ರೈಸ್ತರು ನಮ್ಮ ನೆರೆಹೊರೆಯವರು. ಅವರ ಗ್ರಂಥದಲ್ಲಿ ಇಂಥ ವಿಧಿಯೇ ಇಲ್ಲವೆಂದು ಕೆಲವರು ವುಝೂವನ್ನು ಹಗುರವಾಗಿ ಕಾಣುತ್ತಾರೆ; ಅದೇ ಕಾರಣದಿಂದ ಇನ್ನು ಕೆಲವರು ಆ ನೆರೆಯವರನ್ನೇ ಅಶುದ್ಧರೆಂದು ಹಳಿಯುತ್ತಾರೆ. ಇಬ್ಬರೂ ಆ ಗ್ರಂಥವನ್ನು ತೆರೆದು ನೋಡಿದವರಲ್ಲ.

ಬೈಬಲಿನ ವಿಮೋಚನಕಾಂಡದ 30ನೆಯ ಅಧ್ಯಾಯವನ್ನು ಓದಿರಿ. ದೇವದರ್ಶನದ ಗುಡಾರಕ್ಕೂ ಯಜ್ಞವೇದಿಗೂ ನಡುವೆ ತಾಮ್ರದ ತೊಟ್ಟಿಯನ್ನಿಟ್ಟು ನೀರು ತುಂಬಬೇಕೆಂದು ಪ್ರವಾದಿ ಮೂಸಾ(ಅ)ರಿಗೆ ಆಜ್ಞೆಯಾಗುತ್ತದೆ. ಹಾರೂನ್(ಅ) ಮತ್ತು ಅವರ ಮಕ್ಕಳು ಕೈಕಾಲು ತೊಳೆಯದೆ ಒಳಹೋದರೆ ಸಾವೇ ಗತಿಯೆಂಬ ಎಚ್ಚರಿಕೆಯೂ ಅಲ್ಲಿದೆ. ಯಾಜಕಕಾಂಡದ 15ನೆಯ ಅಧ್ಯಾಯವು ದಂಪತಿಗಳ ಸಮಾಗಮದ ಬಳಿಕ ಸ್ನಾನವನ್ನು ವಿಧಿಸುತ್ತದೆ. ಧರ್ಮನಿಷ್ಠ ಯಹೂದಿಯರು ಇಂದಿಗೂ ರೊಟ್ಟಿ ಮುರಿಯುವ ಮುನ್ನ ವಿಧಿಪೂರ್ವಕವಾಗಿ ಕೈತೊಳೆಯುತ್ತಾರೆ.

ಹಾಗಾದರೆ ಈಸಾ(ಅ) ಇದನ್ನೆಲ್ಲ ರದ್ದುಪಡಿಸಿದರೇ? ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯವನ್ನು ಇದಕ್ಕೆ ಆಧಾರವಾಗಿ ಮುಂದಿಡುತ್ತಾರೆ. ಅಲ್ಲಿಯ ವಿವಾದ ಊಟಕ್ಕೆ ಮುನ್ನ ಕೈತೊಳೆಯುವ ಹಿರಿಯರ ಸಂಪ್ರದಾಯದ್ದು. ಕೈಗಳನ್ನು ತಪ್ಪದೆ ತೊಳೆದು, ಕಾಣಿಕೆಯ ನೆವದಲ್ಲಿ ತಂದೆತಾಯಿಯರ ಪಾಲನೆಯಿಂದ ನುಣುಚಿಕೊಳ್ಳುವುದನ್ನು ಅವರು ಖಂಡಿಸಿದರು. ಮೋಶೆಯ ಶುದ್ಧಿವಿಧಿಗಳು ತಮಗಿನ್ನು ಕಡ್ಡಾಯವಲ್ಲವೆಂದು ಹೆಚ್ಚಿನ ಕ್ರೈಸ್ತರು ನಂಬುತ್ತಾರೆ. ಅದನ್ನು ನಾವು ಒಪ್ಪುವುದಿಲ್ಲ. ಆದರೆ ದೀಕ್ಷಾಸ್ನಾನದಲ್ಲಿ ಅವರಲ್ಲಿಯೂ ನೀರು ಉಳಿದೇ ಇದೆ.

ಪವಿತ್ರ ಕುರ್‌ಆನಿನ ಅಲ್‌ಮಾಇದ ಅಧ್ಯಾಯದ 6ನೆಯ ಸೂಕ್ತವು ಮುಖ, ಕೈ, ತಲೆ, ಕಾಲುಗಳ ಶುದ್ಧಿಯನ್ನು ಹೇಳಿ, ನೀರು ದೊರೆಯದಾಗ ಶುದ್ಧ ಮಣ್ಣಿನಿಂದ ತಯಮ್ಮುಮ್‌ಗೆ ಅನುಮತಿ ನೀಡುತ್ತದೆ. ಕೊನೆಗೆ, ನಿಮ್ಮನ್ನು ಕಷ್ಟಕ್ಕೀಡುಮಾಡುವುದು ಅಲ್ಲಾಹನ ಉದ್ದೇಶವಲ್ಲವೆಂದೂ ತಿಳಿಸುತ್ತದೆ. ಹೊರೆಯಲ್ಲದ ಈ ವಿಧಿಯನ್ನು ಹೊರೆಯೆನ್ನುವುದು ಸೋಮಾರಿತನವಲ್ಲದೆ ಮತ್ತೇನು?

ಆದರೆ ಮಾರ್ಕನ ಅಧ್ಯಾಯದ ಪ್ರಶ್ನೆ ನಮ್ಮ ಕಡೆಗೂ ತಿರುಗುತ್ತದೆ. ಪ್ರವಾದಿ(ಸ) ಒಂದು ಮುದ್ದ್, ಅಂದರೆ ಎರಡು ಕೈಗಳ ಬೊಗಸೆಯಷ್ಟು ನೀರಿನಲ್ಲಿ ವುಝೂ ಮುಗಿಸುತ್ತಿದ್ದರು. ಬಹಮನಿಯರ ಕಾಲದಲ್ಲಿ ನೌಬಾದಿನ ಕರೇಜ್‌ಗಾಗಿ ಜಂಬಿಟ್ಟಿಗೆಯ ನೆಲವನ್ನು ಕೊರೆದು ನೀರು ತಂದ ಊರು ನಮ್ಮದು. ಇಲ್ಲಿ ನಲ್ಲಿಯನ್ನು ಧಾರಾಳವಾಗಿ ಬಿಟ್ಟು ಮಾತಿಗೆ ನಿಲ್ಲುವವರು ಯಾವ ಸುನ್ನತನ್ನು ಪಾಲಿಸುತ್ತಿದ್ದಾರೆ? ಮೊಣಕೈಯವರೆಗೆ ತೊಳೆದ ಅದೇ ಕೈ ಕೂಲಿಯವನ ಹಣವನ್ನು ತಡೆಹಿಡಿದರೆ, ನೆರೆಯವನನ್ನು ಅಶುದ್ಧನೆಂದು ಬೆರಳು ಮಾಡಿದರೆ, ಆ ನೀರು ಚರ್ಮವನ್ನಷ್ಟೇ ತಾಗಿತೆಂದು ತಿಳಿಯಬೇಕು.

ಯುವಕರೇ, ವುಝೂವನ್ನು ಬಿಡಬೇಡಿ. ಹಿರಿಯರೇ, ವುಝೂ ಮಾತ್ರ ಸಾಕೆಂದು ನಿಲ್ಲಬೇಡಿ.